ಅಪ್ಪನ ಪಿಕಪ್ಪಿನ ಹ್ಯಾಂಡಲ್

ನಮ್ಮ ಮನೆಯ ಪಿಕಪ್ಪಿನ ಮೈಮೇಲೆ ಹದಿನೇಳು ತಗ್ಗುಗಳಿದ್ದವು. ರಸ್ತೆಯಲ್ಲಿ ಆದವು ಅದರಲ್ಲಿ ಐದೋ ಆರೋ. ಮಿಕ್ಕಿದ್ದೆಲ್ಲ ಅಪ್ಪ ಮಾಡಿದ್ದು. ಎಂಜಿನ್ ಏಳದಿದ್ದರೆ ಬಾನೆಟ್ಟಿಗೆ ಒದೆಯುತ್ತಿದ್ದ. ಮಂಡಿಯಲ್ಲಿ ದಲ್ಲಾಳಿ ಮಾವಿನಕಾಯಿ ಸಣ್ಣದೆಂದರೆ ಅವನ ಕಡೆ ಕೈ ಬೀಸುತ್ತಿದ್ದ, ಅವನು ತಪ್ಪಿಸಿಕೊಂಡರೆ ಆ ಗುದ್ದು ಬಾಗಿಲಿಗೆ ಬೀಳುತ್ತಿತ್ತು. ಬಲಗಡೆ ಬಾಗಿಲಿನ ನಡುವೆ ಇದ್ದ ತಗ್ಗು ಅಮ್ಮನದು. ಅಮ್ಮನ ತಲೆಯನ್ನು ಅಲ್ಲಿಗೆ ಬಡಿದಿದ್ದ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆಗ ನನಗೆ ಆರು ವರ್ಷ.

ನಮ್ಮೂರು ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವ ದಾರಿಯ ಪಕ್ಕದಲ್ಲಿದೆ. ಮಾವಿನ ತೋಪು, ಒಂದಿಷ್ಟು ರಾಗಿ ಹೊಲ, ನಾಲ್ಕು ದನ. ಕೋಲಾರದ ಚಿನ್ನದ ಗಣಿಯ ಬಿಳಿಯ ಅಧಿಕಾರಿಯೊಬ್ಬ ದೇಶ ಬಿಟ್ಟು ಹೋಗುವಾಗ ಮಾರಿದ ಗಾಡಿ ಕೈಯಿಂದ ಕೈ ಬದಲಾಗಿ, ನಾನು ಹುಟ್ಟುವ ಮೊದಲೇ ನಮ್ಮ ಮನೆಗೆ ಬಂದಿತ್ತು. ಉಬ್ಬಿದ ಮಡ್‌ಗಾರ್ಡು, ಎರಡು ದೊಡ್ಡ ದೀಪ, ಹಿಂದೆ ಮರದ ತೊಟ್ಟಿ. ಕುಡಿಯುವುದು ಪೆಟ್ರೋಲು. ಅದನ್ನು ಎಬ್ಬಿಸುವುದಕ್ಕೆ ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಕೈಯುದ್ದದ ಉಕ್ಕು, ಎರಡು ಕಡೆ ಬಾಗಿದ್ದು. ಹಿಡಿಯುವ ಜಾಗ ಅಪ್ಪನ ಅಂಗೈ ಉಜ್ಜಿ ಉಜ್ಜಿ ನುಣುಪಾಗಿತ್ತು. ಗಾಡಿ ಬಿಟ್ಟು ಇಳಿದರೂ ಅಪ್ಪ ಅದನ್ನು ಕೈಯಲ್ಲೇ ಹಿಡಿದುಕೊಂಡು ಓಡಾಡುತ್ತಿದ್ದ. ಊರಲ್ಲಿ ಅವನ ಜೊತೆ ಎದುರು ಮಾತಾಡುವವರು ಮೊದಲು ಅವನ ಕೈ ನೋಡಿ ಆಮೇಲೆ ಬಾಯಿ ತೆರೆಯುತ್ತಿದ್ದರು.

ಎಪ್ಪತ್ತರ ದಶಕದ ಶುರುವಿನಲ್ಲಿ, ನನಗೆ ಹದಿನಾರು ತುಂಬಿದ ಬೇಸಿಗೆಯಲ್ಲಿ, ಆ ಹ್ಯಾಂಡಲ್ ನನ್ನ ಎಡಗೈಗೆ ಬಿತ್ತು. ಎಂಜಿನ್ ಉಲ್ಟಾ ಒದ್ದು ಅಪ್ಪನ ಹೆಬ್ಬೆರಳಿಗೆ ಪೆಟ್ಟಾಯಿತು. ನಾನು ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ ನನ್ನ ತಪ್ಪು. ಹ್ಯಾಂಡಲ್ ಹೊರಗೆಳೆದವನೇ ಬೀಸಿದ. ತಲೆ ಕಾಪಾಡಿಕೊಳ್ಳಲು ನಾನು ಕೈ ಅಡ್ಡ ಇಟ್ಟೆ. ಮಣಿಕಟ್ಟಿನ ಎಲುಬು ಒಡೆದ ಸದ್ದು ನನಗೆ ಚೆನ್ನಾಗಿ ಕೇಳಿಸಿತು. ಊರಿನ ಎಲುಬು ಕಟ್ಟುವವನು ಬಿದಿರು ದಬ್ಬೆ ಇಟ್ಟು ಕಟ್ಟಿದ, ಅದು ಸೊಟ್ಟಗೇ ಕೂಡಿಕೊಂಡಿತು. ಈಗಲೂ ಸೊಟ್ಟಗೇ ಇದೆ.

ಒಂದೆರಡು ವರ್ಷ ಕಳೆದ ಮೇಲೆ ಗಾಡಿಯೇ ನಿಂತಿತು. ಮುಳಬಾಗಿಲ ರಸ್ತೆಯಲ್ಲಿ ಬಸ್ಸೊಂದು ದಾರಿ ಬಿಡಲಿಲ್ಲವೆಂದು ಅಪ್ಪ ಬೇಕೆಂದೇ ಅದರ ಹಿಂಭಾಗಕ್ಕೆ ಗುದ್ದಿದ. ರೇಡಿಯೇಟರ್ ಒಡೆಯಿತು, ಎಂಜಿನ್ ಸುಟ್ಟುಹೋಯಿತು, ಬಸ್ಸಿನವರು ಇಳಿದು ಬಂದು ಅಪ್ಪನ ಎರಡು ಹಲ್ಲು ಉದುರಿಸಿದರು. ಎತ್ತು ಕಟ್ಟಿ ಗಾಡಿಯನ್ನು ಮನೆಗೆ ಎಳೆದು ತಂದರು. ಕೊಟ್ಟಿಗೆ ಪಕ್ಕದ ಹುಣಸೆಮರದ ಕೆಳಗೆ ಅದು ಹತ್ತು ವರ್ಷ ನಿಂತಿತ್ತು. ಗುಜರಿಯವರು ಕೇಳಲು ಬಂದರೆ ಅಪ್ಪ ಹ್ಯಾಂಡಲ್ ಹಿಡಿದು ಹೊರಗೆ ಬರುತ್ತಿದ್ದ.

ಅಪ್ಪನ ಬಗ್ಗೆ ಇಷ್ಟು ಹೇಳಿ ನನ್ನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ನಾನು ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಕೆಲಸ ಚೆನ್ನಾಗಿ ಬರುತ್ತಿತ್ತು, ಕೋಪ ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಮೇಸ್ತ್ರಿ ಒಂದು ದಿನ ಎಲ್ಲರ ಮುಂದೆ ನನ್ನ ಸೊಟ್ಟ ಕೈಯನ್ನು ಆಡಿಕೊಂಡ. ಸ್ಪ್ಯಾನರಿನಿಂದ ಅವನ ಕಿವಿಯ ಮೇಲೆ ಬಿಟ್ಟೆ. ಕೆಲಸ ಹೋಯಿತು, ಊರಿಗೆ ವಾಪಸು ಬಂದೆ. ಮುಳಬಾಗಿಲ ಕಡೆಯಿಂದ ಮದುವೆಯಾಗಿ ಬಂದಿದ್ದ ಹೆಂಡತಿ, ಈಗೇನು ಮಾಡುತ್ತೀರಿ ಎಂದು ಕೇಳಿದಳು. ಅವಳಿಗೂ ಹೊಡೆದೆ. ಅದು ಮೊದಲ ಸಲ. ಎರಡನೇ ಸಲಕ್ಕೆ ಕಾರಣವೂ ಇರಲಿಲ್ಲ, ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಅವಳ ಮೇಲ್ದುಟಿ ಸೀಳಿ ತಾಳಿಯ ಮೇಲೆ ರಕ್ತ ತೊಟ್ಟಿಕ್ಕಿತು. ಅಮ್ಮ ಅರಿಸಿನ ತರಲು ಒಳಗೆ ಓಡಿದಳು. ಆ ಅರಿಸಿನದ ಡಬ್ಬ ಎಲ್ಲಿದೆಯೆಂದು ನಮ್ಮಮ್ಮನಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತಿತ್ತು. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಾರನೆಯ ದಿನ ಹೆಂಡತಿ ತವರಿಗೆ ಹೋದಳು. ಮೂರು ತಿಂಗಳು ಬಿಂಕದಲ್ಲಿದ್ದು, ಆಮೇಲೆ ತಡೆಯಲಾರದೆ ನಾನೇ ಹೊರಟೆ. ಅವರ ಮನೆಯಲ್ಲಿ ಮಾತೆಲ್ಲ ತೆಲುಗು. ಅತ್ತೆ ಬಾಗಿಲಲ್ಲಿ ನಿಂತು, "ರಾ ನಾಯನಾ, ಕೂಚೋ" ಎಂದು ಚಾಪೆ ಹಾಕಿದಳು. ನನ್ನ ಮುಖ ಮಾತ್ರ ನೋಡಲಿಲ್ಲ. ಹೆಂಡತಿ ಬಂದು ಕಂಬಕ್ಕೆ ಒರಗಿ ನಿಂತಳು. ತುಟಿಯ ಗುರುತು ಇನ್ನೂ ಇತ್ತು.

"ಬರ್ತೀನಿ" ಅಂದಳು. "ಆದ್ರೆ ಒಂದು ಮಾತು. ನಿಮ್ಮನೇಲಿ ಹುಣಸೆಮರದ ಕೆಳಗೆ ಆ ಗಾಡಿ ನಿಂತೈತಲ್ಲ, ಅದನ್ನ ಎಬ್ಬಿಸಿ. ಕೆಲ್ಸಾನೂ ಆಗ್ತೈತೆ. ಹೊಡೀಬೇಕು ಅನ್ನಿಸ್ದಾಗೆಲ್ಲ ಆ ತಗಡಿಗೆ ಹೊಡೀರಿ. ಅದು ಎದ್ದು ಓಡೋ ತನ್ಕ ನಿಮ್ ಕೈಯಿಂದ ಯಾರ್ಗೂ ಏಟು ಬೀಳ್ಬಾರ್ದು. ನನಗೆ ಅಂತ ಅಲ್ಲ, ಯಾರ್ಗೂ. ಬಿದ್ರೆ ನಾನು ಬಸ್ ಹತ್ತಿ ಬಂದ್ಬಿಡ್ತೀನಿ. ಆಮೇಲೆ ಕರೆಯೋಕೆ ಬರ್ಬೇಡಿ."

ಒಪ್ಪಿಕೊಂಡೆ. ನನ್ನಂಥವನಿಗೆ ಅದಕ್ಕಿಂತ ದೊಡ್ಡ ಷರತ್ತು ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು.

ಯುಗಾದಿ ಕಳೆದ ಮೇಲೆ ಕೆಲಸ ಹಿಡಿದೆ. ಗಾಡಿ ಮತ್ತೆ ಏಳುತ್ತದೆಂದು ಅಪ್ಪ ಅಡ್ಡಿ ಮಾಡಲಿಲ್ಲ. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು, ಅವನ್ನು ತಿನ್ನಲು ಬಂದ ಕೆರೆಹಾವೊಂದು ಗೇರ್‌ಬಾಕ್ಸಿನ ಕೆಳಗೆ ಸುತ್ತಿಕೊಂಡಿತ್ತು. ತುಕ್ಕು ಹಿಡಿದ ನಟ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಎರಡು ದಿನ ಕಾದೆ, ಬಾರದ್ದನ್ನು ಉಳಿಯಿಂದ ಕಡಿದು ಹಾಕಿದೆ. ಮಡ್‌ಗಾರ್ಡು, ಬಾಗಿಲು, ಬಾನೆಟ್ಟು ಬಿಚ್ಚಿ ಅಂಗಳದಲ್ಲಿ ಹಾಸಿ ಒಂದೊಂದೇ ತಗ್ಗನ್ನು ಒಳಗಡೆಯಿಂದ ಸುತ್ತಿಗೆಯಲ್ಲಿ ಬಡಿದು ಎಬ್ಬಿಸಿದೆ. ಬಡಿಯುತ್ತ ಬಡಿಯುತ್ತ ಬಾಯಲ್ಲಿ ಬೈಗುಳ ಬರುತ್ತಿತ್ತು. ಮೇಸ್ತ್ರಿಗೆ ನಾಲ್ಕು, ಬಸ್ಸಿನವರಿಗೆ ನಾಲ್ಕು, ಮಿಕ್ಕಿದ್ದೆಲ್ಲ ಅಪ್ಪನಿಗೆ. ಅಮ್ಮನ ತಗ್ಗಿಗೆ ಬಂದಾಗ ಒಂದು ಮಧ್ಯಾಹ್ನವೆಲ್ಲ ಹಿಡಿಯಿತು. ತಗಡು ಸಮವಾದ ಮೇಲೂ ನಾನು ಬಡಿಯುವುದು ನಿಲ್ಲಿಸಲಿಲ್ಲ. ಹೆಂಡತಿ ಬಂದು ಸುತ್ತಿಗೆ ಹಿಡಿದುಕೊಂಡು, "ಸಾಕು, ತೂತು ಬೀಳ್ತೈತೆ" ಅಂದಳು.

ಪೆಟ್ರೋಲ್ ಎಂಜಿನ್ನಿನ ಕಾಲ ಮುಗಿದಿತ್ತು. ಅಪಘಾತವಾಗಿ ನಿಂತಿದ್ದ ವ್ಯಾನೊಂದರ ಡೀಸೆಲ್ ಎಂಜಿನ್ನನ್ನು ಕೋಲಾರದ ಗುಜರಿಯಿಂದ ತಂದೆ. ಹುಣಸೆಕೊಂಬೆಗೆ ರಾಟೆ ಕಟ್ಟಿ ಸರಪಳಿ ಹಾಕಿ ಹಳೆಯದನ್ನು ಎತ್ತಿ ಹೊಸದನ್ನು ಇಳಿಸಬೇಕು. ಇಳಿಸುವಾಗ ಸರಪಳಿ ಒಂದು ಗೇಣು ಜಾರಿತು. ಎಂಜಿನ್ನಿನ ಮೂಲೆ ನನ್ನ ಕಾಲಿನ ಹೆಬ್ಬೆರಳ ಮೇಲೆ ಕುಳಿತು ಉಗುರು ಕಿತ್ತು ಬಂತು. ಸರಪಳಿಯ ತುದಿ ಹೆಂಡತಿಯ ಕೈಯಲ್ಲಿತ್ತು. ನಾನು ಸುತ್ತಿಗೆ ಎತ್ತಿದೆ. ಅವಳು ಓಡಲಿಲ್ಲ, ಸರಪಳಿಯನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ಎಂಜಿನ್ ಪೂರ್ತಿ ನನ್ನ ಕಾಲಮೇಲೆ ಬೀಳುತ್ತಿತ್ತು. ನನ್ನನ್ನೇ ನೋಡುತ್ತ ನಿಂತಳು. ಕಾಲು ಎಳೆದುಕೊಂಡು ಹೋಗಿ, ಆಗಷ್ಟೇ ಸರಿ ಮಾಡಿಟ್ಟಿದ್ದ ಎಡ ಮಡ್‌ಗಾರ್ಡಿಗೆ ಬಡಿದೆ. ತಗಡು ಹರಿಯುವ ತನಕ ಬಡಿದೆ. ಆಮೇಲೆ ಅದಕ್ಕೆ ತೇಪೆ ಹಾಕಲು ಮೂರು ದಿನ ಬೇಕಾಯಿತು. ಆ ಮೂರೂ ದಿನ ಅವಳು ಒಳಗೊಳಗೇ ನಗುತ್ತಿದ್ದಳು.

ಅವಳಿಗೂ ಕೆಲಸದ ಹುಚ್ಚು ಹಿಡಿಯಿತು. ಯಾವ ನಟ್ಟಿಗೆ ಯಾವ ಸ್ಪ್ಯಾನರ್ ಎಂದು ಕೇಳದೆಯೇ ಕೊಡುತ್ತಿದ್ದಳು. ಬಾವಿಯ ಪಂಪ್‌ಸೆಟ್ಟಿಗೆ ಕರೆಂಟು ಬಂದ ಹೊತ್ತಿನಲ್ಲಿ ಅದೇ ಲೈನಿನಿಂದ ವೆಲ್ಡಿಂಗ್ ಮಾಡುತ್ತಿದ್ದೆವು, ಅವಳು ಇಕ್ಕಳದಲ್ಲಿ ಕಬ್ಬಿಣ ಹಿಡಿದು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಹಳೆಯ ಸಲಾಕಿ ಬ್ರೇಕು ತೆಗೆದು, ಆಯಿಲ್‌ನಿಂದ ಹಿಡಿಯುವ ಬ್ರೇಕನ್ನು ನಾಲ್ಕು ಗಾಲಿಗೂ ಕೂರಿಸಿದೆ. ದೊಡ್ಡ ಬ್ಯಾಟರಿ ಬಂತು, ಸೆಲ್ಫ್ ಸ್ಟಾರ್ಟ್ ಬಂತು. ಇನ್ನು ಹ್ಯಾಂಡಲ್ ತಿರುಗಿಸುವ ಕೆಲಸವೇ ಇಲ್ಲ.

ಹ್ಯಾಂಡಲ್ ಮನೆ ಬಾಗಿಲ ಹಿಂದೆ ಒರಗಿ ನಿಂತಿತ್ತು. ಹ್ಯಾಂಡ್ ಬ್ರೇಕಿಗೆ ಒಳ್ಳೆಯ ಉಕ್ಕಿನ ತುಂಡು ಬೇಕಾಗಿತ್ತು. ಅಷ್ಟು ಒಳ್ಳೆಯ ಉಕ್ಕು ಮನೆಯಲ್ಲಿ ಬೇರೆ ಇರಲಿಲ್ಲ. ಅಪ್ಪ ತೋಪಿಗೆ ಹೋದ ಹೊತ್ತು ನೋಡಿ ಗರಗಸ ಹಾಕಿದೆ. ಹೆಂಡತಿ ಒಂದು ಕಡೆ ಹಿಡಿದುಕೊಂಡಳು. ನುಣುಪಾದ ಹಿಡಿ ಮೇಲೆ ಬರುವಂತೆ ಡ್ರೈವರ್ ಸೀಟಿನ ಎಡಕ್ಕೆ ನಿಲ್ಲಿಸಿ, ಹೊಸ ಕೇಬಲ್ ಎಳೆದು ಹಿಂದಿನ ಗಾಲಿಗಳಿಗೆ ಕಟ್ಟಿದೆ. ಗಾಡಿಯನ್ನು ಅಂಗಳದ ಇಳಿಜಾರಿನಲ್ಲಿ ಬಿಟ್ಟು, ನಾನು ಸೀಟಿನಲ್ಲಿ ಕೂತು ಎಳೆದು ನೋಡಿದೆ. ಗಪ್ಪಂತ ನಿಂತಿತು. ಅವಳೂ ಎಳೆದು ನೋಡಿದಳು, ನಿಂತಿತು. ಅಪ್ಪನ ಹ್ಯಾಂಡಲ್ ಇನ್ನು ಯಾರ ಮೈಮೇಲೂ ಬೀಳುವುದಿಲ್ಲ ಎಂದು ಇಬ್ಬರಿಗೂ ಖುಷಿಯಾಯಿತು.

ಆಯುಧಪೂಜೆಗೆ ಗಾಡಿ ಎಬ್ಬಿಸುವುದೆಂದು ತೀರ್ಮಾನವಾಗಿತ್ತು. ಹಿಂದಿನ ಸಂಜೆ ಕೊನೆಯ ಕೆಲಸ ಒಂದೇ ಉಳಿದಿತ್ತು. ಮುಂದಿನ ಎಡಗಾಲಿಗೆ ಹೋಗುವ ಬ್ರೇಕ್ ಪೈಪಿನ ನಟ್ಟನ್ನು ಬೆರಳಲ್ಲಿ ತಿರುಗಿಸಿಟ್ಟಿದ್ದೆ, ಸ್ಪ್ಯಾನರಿನಲ್ಲಿ ಬಿಗಿ ಮಾಡಿ ಆಯಿಲ್ ತುಂಬಬೇಕು. ನಾನು ಗಾಡಿ ಕೆಳಗೆ ಮಲಗಿದ್ದೆ. ಅಪ್ಪ ಬಾಗಿಲು ತೆಗೆದು ಒಳಗೆ ನೋಡಿದ. ಹಿಡಿಯ ಗುರುತು ಹತ್ತಿತು.

"ಏನ್ಲಾ ಇದು? ನನ್ ಹ್ಯಾಂಡ್ಲು ಕಡ್ದ್ಯಾ?" ಕಾಲು ಹಿಡಿದು ನನ್ನನ್ನು ಹೊರಗೆಳೆದ. "ಇವತ್ತು ಅದನ್ನ ಕಡ್ದೆ, ನಾಳೆ ನನ್ ಕೈ ಕಡೀತೀಯ."

ಅಪ್ಪನಿಗೆ ಆಗ ಅರವತ್ತು ಹತ್ತಿರ. ಏಟು ಮಾತ್ರ ಹಾಗೇ ಇತ್ತು. ಕೈಗೆ ಸಿಕ್ಕಿದ ಟೈರ್ ಲಿವರ್‌ನಿಂದ ಬೆನ್ನಿಗೆ, ತೊಡೆಗೆ, ಕೊನೆಗೆ ಕಿವಿಗೆ ಬಾರಿಸಿದ. ಅವನನ್ನು ಎತ್ತಿ ಒಗೆಯುವ ಶಕ್ತಿ ನನಗಿತ್ತು. ಎರಡು ಕೈಯಲ್ಲೂ ಗಾಡಿಯ ಬಂಪರ್ ಹಿಡಿದುಕೊಂಡು ನಿಂತೆ. ಹೊಡೆದು ಹೊಡೆದು ಅವನೇ ಉಸಿರು ಸಿಕ್ಕಿಕೊಂಡು ಕೂತ. ಕಿವಿಯಿಂದ ರಕ್ತ ಇಳಿದು ಅಂಗಿ ನೆನೆದಿತ್ತು. ಹೆಂಡತಿ ಒಳಗೆ ಕರೆದುಕೊಂಡು ಹೋಗಿ ಒರೆಸಿದಳು. "ನೀವು ಹೊಡೀಲಿಲ್ಲ" ಅಂದಳು. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಮತ್ತೊಂದು ಸಲ ಅದನ್ನೇ ಅಂದಳು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಪೈಪಿನ ನಟ್ಟನ್ನು ಬೆಳಿಗ್ಗೆ ನೋಡಿಕೊಂಡರಾಯಿತು ಎಂದುಕೊಂಡೆ.

ಬೆಳಿಗ್ಗೆ ಎದ್ದು ಹೋದರೆ ಸ್ಪ್ಯಾನರುಗಳಿಲ್ಲ. ಅಮ್ಮ ಬೆಳಗಾಗುವ ಮೊದಲೇ ಎದ್ದು ಸುತ್ತಿಗೆ, ಉಳಿ, ಗರಗಸ, ಸ್ಪ್ಯಾನರ್, ಕುಡುಗೋಲು, ನೇಗಿಲು ಎಲ್ಲ ತೊಳೆದು, ವಿಭೂತಿ ಕುಂಕುಮ ಇಟ್ಟು ದೇವರ ಮುಂದೆ ಜೋಡಿಸಿದ್ದಳು. ಪೂಜೆಗೆ ಕೂತ ಆಯುಧವನ್ನು ಮಾರನೆಯ ದಿನದವರೆಗೆ ಎತ್ತುವ ಹಾಗಿಲ್ಲ. ನಮ್ಮ ಕಡೆ ಆ ದಿನ ಈಳಿಗೆಮಣೆಯನ್ನೂ ಮುಟ್ಟುವುದಿಲ್ಲ, ತರಕಾರಿ ಹಿಂದಿನ ದಿನವೇ ಹೆಚ್ಚಿಟ್ಟಿರುತ್ತಾರೆ. ಕೋಳಿ ಕೊಯ್ಯುವ ಚೂರಿಯೊಂದು ಮಾತ್ರ ಹೊರಗಿರುತ್ತದೆ. ನಾನು ಒಂದು ಸ್ಪ್ಯಾನರಿಗೆ ಕೈ ಹಾಕಿದೆ. ಅಮ್ಮ ಕೈ ಹಿಡಿದುಕೊಂಡಳು.

"ಬೇಡ ಕಣೋ. ನಿಮ್ಮಪ್ಪ ನೋಡಿದ್ರೆ ಇವತ್ತೂ ರಕ್ತ ಬೀಳ್ತೈತೆ."

"ಹಂಗಾದ್ರೆ ಗಾಡಿ ನಾಳೆ ತೆಗೀತೀನಿ" ಅಂದೆ.

ಅಪ್ಪ ಕೇಳಿಸಿಕೊಂಡ. ಕೇರಿಯವರೆಲ್ಲ ಆಗಲೇ ಅಂಗಳದಲ್ಲಿ ಸೇರಿದ್ದರು. ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟಾಗಿತ್ತು. "ಬ್ರೇಕ್ ಇಲ್ಲಪ್ಪ, ಪೈಪು ಬಿಗಿ ಮಾಡಿಲ್ಲ" ಎಂದು ಎಲ್ಲರ ಮುಂದೆ ಹೇಳಿದೆ.

"ನಿಂಬೆಹಣ್ಣು ತುಳ್ಸೋಕೆ ಬ್ರೇಕ್ ಯಾಕ್ಲಾ? ಎರಡು ಗಜ ಮುಂದಕ್ಕೆ ಬಂದ್ರೆ ಮುಗೀತು" ಅಂದ ಅಪ್ಪ. ಕೇರಿಯವರ ಕಡೆ ತಿರುಗಿ, "ಹ್ಯಾಂಡ್ಲು ತಿರುಗ್ಸೋಕಾಗ್ದೋನು ಗುಂಡಿ ಒತ್ತೋಕೂ ಹೆದರ್ತಾನೆ" ಎಂದು ನಕ್ಕ. ಅವರೂ ನಕ್ಕರು.

ಹತ್ತಿ ಕೂತೆ. ಅಪ್ಪ ಹುಂಜದ ಕತ್ತು ಕೊಯ್ದು ನಾಲ್ಕು ಗಾಲಿಗೂ ರಕ್ತ ಹಚ್ಚಿದ. ಕುಂಬಳಕಾಯಿಯನ್ನು ನೆಲಕ್ಕಪ್ಪಳಿಸಿದ. ಆಮೇಲೆ ಕರ್ಪೂರದ ತಟ್ಟೆ ಹಿಡಿದು ಗಾಡಿಯ ಎದುರಿಗೆ ನಿಂತ. ನಮ್ಮ ಅಂಗಳ ಬೀದಿಯ ಕಡೆಗೆ ಇಳಿಜಾರು, ಕೊನೆಯಲ್ಲಿ ದನಕ್ಕೆ ನೀರಿಡುವ ಕಲ್ಲುತೊಟ್ಟಿ. ಅಪ್ಪನ ಬೆನ್ನ ಹಿಂದೆ ಆ ತೊಟ್ಟಿ ಇತ್ತು. ಹೆಂಡತಿ ಎಡಗಡೆಯ ಬಾಗಿಲ ಹತ್ತಿರ ನೀರಿನ ಚೊಂಬು ಹಿಡಿದು ನಿಂತಿದ್ದಳು.

ಗುಂಡಿ ಒತ್ತಿದೆ. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಗಾಡಿ ಮುಂದೆ ಬಂತು, ನಿಂಬೆಹಣ್ಣು ಒಡೆದವು, ಕೇರಿಯವರು ಚಪ್ಪಾಳೆ ತಟ್ಟಿದರು. ಕ್ಲಚ್ಚು ಬ್ರೇಕು ಎರಡನ್ನೂ ತುಳಿದೆ. ಬ್ರೇಕು ನೆಲಕ್ಕೆ ಹತ್ತಿತು. ಗಾಡಿ ಇಳಿಜಾರಿನಲ್ಲಿ ಮೆಲ್ಲಗೆ ಉರುಳುತ್ತಲೇ ಇತ್ತು. ಅಪ್ಪನಿಗೂ ಗಾಡಿಗೂ ನಡುವೆ ಎರಡು ಮಾರು ಜಾಗವಿತ್ತು. ಅವನು ಇನ್ನೂ ಕೇರಿಯವರನ್ನು ನೋಡುತ್ತ ನಗುತ್ತಿದ್ದ.

ನನ್ನ ಎಡಗೈ ಹ್ಯಾಂಡ್ ಬ್ರೇಕಿನ ಮೇಲಿತ್ತು. ಬ್ರೇಕು ಇಲ್ಲವೆಂದು ಗೊತ್ತಿದ್ದರಿಂದಲೇ ಮೊದಲೇ ಕೈ ಅಲ್ಲಿಟ್ಟು ಕೂತಿದ್ದೆ. ಅಪ್ಪನ ಅಂಗೈ ನುಣುಪು ಮಾಡಿದ ಹಿಡಿ, ಅವನು ಒಡೆದ ಮಣಿಕಟ್ಟು. ನನಗೆ ಗಾಬರಿಯಾಗಲಿಲ್ಲ. ಮೈ ತಣ್ಣಗಿತ್ತು, ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಎಳೆಯಬೇಕೆಂದು ಗೊತ್ತಿತ್ತು. ಎಳೆಯಲಿಲ್ಲ.

ಬಂಪರ್ ಅವನ ಎಡಗಾಲನ್ನು ಕಲ್ಲುತೊಟ್ಟಿಗೆ ಒತ್ತಿತು. ಎಲುಬು ಒಡೆದ ಸದ್ದು ಆ ಎಂಜಿನ್ನಿನ ಸದ್ದಿನಲ್ಲೂ ಕೇಳಿಸಿತು. ಕರ್ಪೂರ ಬಾನೆಟ್ಟಿನ ಮೇಲೆ ಬಿದ್ದು ಉರಿಯುತ್ತಿತ್ತು. ಅಪ್ಪ ಕಿರುಚಿದ. ಜೀವನದಲ್ಲಿ ಮೊದಲ ಸಲ ಅವನ ಬಾಯಿಂದ "ಅಮ್ಮಾ" ಎಂದು ಬಂತು. ಹತ್ತು ಜನ ಸೇರಿ ಗಾಡಿಯನ್ನು ಹಿಂದಕ್ಕೆ ತಳ್ಳಿದರು. ಮೊಣಕಾಲಿನ ಕೆಳಗೆ ಕಾಲು ಇದ್ದ ಹಾಗಿರಲಿಲ್ಲ. ಅಮ್ಮ ಅರಿಸಿನದ ಡಬ್ಬ ಹಿಡಿದುಕೊಂಡು ಓಡಿಬಂದು, ಎಲ್ಲಿ ಹಾಕುವುದೆಂದು ತಿಳಿಯದೆ ನಿಂತಳು.

ಊರಲ್ಲಿ ಬೇರೆ ಗಾಡಿ ಇರಲಿಲ್ಲ. ಹಬ್ಬದ ದಿನ ಬಸ್ಸಿನ ಭರವಸೆಯೂ ಇಲ್ಲ. ಹಿಂದಿನ ತೊಟ್ಟಿಗೆ ಹುಲ್ಲು ಹಾಸಿ ಅಪ್ಪನನ್ನು ಮಲಗಿಸಿದರು, ಅಮ್ಮ ಪಕ್ಕದಲ್ಲಿ ಕೂತಳು. ಹೆಂಡತಿ ನನ್ನ ಪಕ್ಕ ಹತ್ತಿದಳು. ಕೋಲಾರದ ಆಸ್ಪತ್ರೆಯವರೆಗೂ ಎರಡನೇ ಗೇರಿನಲ್ಲೇ ಹೋದೆ. ಕುರಿಮಂದೆ ಅಡ್ಡ ಬಂತು. ಹ್ಯಾಂಡ್ ಬ್ರೇಕ್ ಎಳೆದೆ, ನಿಂತಿತು. ರೈಲ್ವೆ ಗೇಟು ಹಾಕಿತ್ತು. ಎಳೆದೆ, ನಿಂತಿತು. ಕೋಲಾರದೊಳಗೆ ಗಡಿಯಾರದ ಗೋಪುರದ ಹತ್ತಿರ ಹೂವಿನ ಹಾರ ಹಾಕಿದ ಲಾರಿಗಳ ಸಾಲು ಇತ್ತು. ಎಳೆದೆ, ನಿಂತಿತು. ಆಸ್ಪತ್ರೆಯ ಬಾಗಿಲಲ್ಲಿ ನಾಲ್ಕನೇ ಸಲ. ಪ್ರತಿ ಸಲವೂ ಅವಳು ನನ್ನ ಕೈ ನೋಡುತ್ತಿದ್ದಳು.

ಡಾಕ್ಟರು ಹೇಗಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಸ್ಟ್ರೆಚರಿನ ಮೇಲಿಂದ ಅಪ್ಪನೇ ಹೇಳಿದ. "ತಪ್ಪು ನಂದೇ ಸಾರ್. ಬ್ರೇಕ್ ಇಲ್ಲ ಅಂತ ಹೇಳ್ದ. ನಾನೇ ಕೇಳ್ಲಿಲ್ಲ." ತನ್ನದು ತಪ್ಪು ಎಂದು ಅವನು ಅಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಹೆಂಡತಿ ವರಾಂಡಾಕ್ಕೆ ಕರೆದಳು. ಸೆರಗಿನ ತುಂಬ ಅಪ್ಪನ ರಕ್ತವಿತ್ತು.

"ಕೈ ಅದರ ಮೇಲೇ ಇತ್ತು" ಅಂದಳು. "ನಾನು ಬಾಗಿಲ ಹತ್ರಾನೇ ಇದ್ದೆ."

"ಗಾಬರಿ ಆಯ್ತು" ಅಂದೆ.

ನಾನು ಇನ್ನೇನಾದರೂ ಹೇಳುತ್ತೇನೆಂದು ಕಾದಳು ಅನಿಸುತ್ತದೆ. ಊರಿನವರಿಗೆ, ನೆಂಟರಿಗೆ, ಅಮ್ಮನಿಗೆ ಆಮೇಲೆಲ್ಲ ಗಾಬರಿಯೆಂದೇ ಹೇಳಿದೆ, ಎಲ್ಲರೂ ನಂಬಿದರು. ಅವಳೊಬ್ಬಳಿಗೆ ಎರಡನೇ ಸಲ ಹೇಳಲು ನಾಲಿಗೆ ಏಳಲಿಲ್ಲ. ಅವಳು ನಲ್ಲಿಯಲ್ಲಿ ಸೆರಗು ತೊಳೆದುಕೊಂಡು, ಅಮ್ಮನ ಹತ್ತಿರ ಹೋಗಿ ಕಾಲಿಗೆ ನಮಸ್ಕಾರ ಮಾಡಿ, ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಕರೆಯೋಕೆ ಬರಬೇಡಿ ಎಂದು ಮೊದಲೇ ಹೇಳಿದ್ದಳು. ನಾನು ಹೋಗಲಿಲ್ಲ.

ಅಪ್ಪನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಮಾರನೆಯ ದಿನ ಮಧ್ಯಾಹ್ನ ಅವನಿಗೆ ಪೂರ್ತಿ ಎಚ್ಚರವಾಯಿತು. ನೀರು ಕುಡಿಸಿದೆ. ಸುತ್ತ ನೋಡಿ, ಸೊಸೆ ಎಲ್ಲಿ ಎಂದು ಕೇಳಿದ.

"ತವರಿಗೆ ಹೋದ್ಲಪ್ಪ."

"ಹಬ್ಬದ ದಿನ ಹೋದ್ಲಾ?" ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದ. "ಲೇ, ನಿಜ ಹೇಳು. ಹೊಡೆದ್ಯಾ?"

"ಇಲ್ಲಪ್ಪ. ಯಾರಿಗೂ ಹೊಡೀಲಿಲ್ಲ."

ಅಪ್ಪ ಹೊದಿಕೆಯ ಕೆಳಗೆ ಕಾಲು ಇರಬೇಕಾದ ಜಾಗವನ್ನು ಕೈಯಲ್ಲಿ ತಡವುತ್ತಿದ್ದ.

"ಮತ್ಯಾಕೆ ಹೋದ್ಲು?" ಅಂದ.